ಬೀಳುವವನನ್ನು ನೋಡಿ

ನಮ್ಮ ದೊಡ್ಡಪ್ಪ ಮೈಸೂರಿನ ಗರಡಿಯೊಂದರ ಮಟ್ಟಿಯಲ್ಲಿ ಹೊರಳಿ ಬೆಳೆದವರು. ಟೀವಿಯಲ್ಲಿ ಬರುವ ಕುಸ್ತಿಗೆ ಅವರದು ಒಂದೇ ತೀರ್ಪು: 'ಎಲ್ಲಾ ನಾಟಕ ಕಣೋ.' ಡಬ್ಲ್ಯುಡಬ್ಲ್ಯುಎಫ್ ಟ್ರಂಪ್ ಕಾರ್ಡಿಗಾಗಿ ಗೆಳೆಯರ ಜೊತೆ ಕಿತ್ತಾಡುತ್ತಿದ್ದ ವಯಸ್ಸು ನನ್ನದು, ಸಿಟ್ಟು ಬರುತ್ತಿತ್ತು. ದೊಡ್ಡಪ್ಪ ಹೇಳಿದ್ದು ಸರಿಯೆಂದು ಒಪ್ಪಿಕೊಂಡು ಈಗ ಎಷ್ಟೋ ವರ್ಷವಾಯಿತು. ಆದರೆ ನಾಟಕ ಎಂದಮೇಲೆ ನಾಟಕದ ಹಾಗೆ ನೋಡಬೇಕಲ್ಲ? ಕೀಚಕವಧೆ ಆಡುವ ರಾತ್ರಿ ಕೀಚಕ ಗೆದ್ದುಬಿಟ್ಟಾನೇನೋ ಎಂಬ ಆತಂಕದಿಂದ ಯಾರೂ ಬಯಲಾಟಕ್ಕೆ ಹೋಗುವುದಿಲ್ಲ. ಈ ಮೇಳದ ಕೀಚಕ ಹೇಗೆ ಸಾಯುತ್ತಾನೆ ಎಂದು ನೋಡಲು ಹೋಗುತ್ತಾರೆ.

ಈ ಟೀವಿ ಕುಸ್ತಿಗೆ ಹೊಸಬರಾದವರಿಗೆ ನಾನು ಮೊದಲು ತೋರಿಸುವುದು ಕುಸ್ತಿಪಟು ಬಿಲ್ ಗೋಲ್ಡ್‌ಬರ್ಗ್‌ನನ್ನು. ಅವನು ಈ ವಿದ್ಯೆಯ ಪಂಡಿತ ಎಂದಲ್ಲ. ಪಟ್ಟುಗಳು ಅವನಿಗೆ ಗೊತ್ತಿದ್ದದ್ದೇ ಕಡಿಮೆ. ಹಾಗಾಗಿ ಎದುರಿಗಿದ್ದವರು ಏನು ಮಾಡುತ್ತಿದ್ದಾರೆ ಎಂಬುದು ಕಲಿಯುವವರ ಕಣ್ಣಿಗೆ ಬೇಗ ಬೀಳುತ್ತದೆ.

ಅವನು ಬಂದದ್ದು ಫುಟ್‌ಬಾಲಿನಿಂದ. ಕಾಲಲ್ಲಿ ಒದೆಯುವ ಆಟ ಅಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಮೆತ್ತೆ ಕಟ್ಟಿಕೊಂಡು ಮೊಟ್ಟೆಯಾಕಾರದ ಚೆಂಡಿಗಾಗಿ ಡಿಕ್ಕಿ ಹೊಡೆದುಕೊಳ್ಳುವ ಅಮೆರಿಕದ ಫುಟ್‌ಬಾಲ್. ಜಾರ್ಜಿಯಾ ವಿಶ್ವವಿದ್ಯಾಲಯದ ತಂಡದಲ್ಲಿ ಅವನು ಡಿಫೆನ್ಸಿವ್ ಟ್ಯಾಕಲ್. ಚೆಂಡು ಅಲುಗಿದ ಕ್ಷಣ ನೆಲಕ್ಕೆ ಬಾಗಿದ ಮೈಯನ್ನು ಗುಂಡಿನಂತೆ ಎಸೆದು ಎದುರಿನವನನ್ನು ಹಿಂದಕ್ಕೆ ತಳ್ಳುವುದೇ ಕೆಲಸ. 1992ರಿಂದ 1994ರವರೆಗೆ ಅಟ್ಲಾಂಟಾ ಫಾಲ್ಕನ್ಸ್ ತಂಡದಲ್ಲಿದ್ದ, ಆಡಿದ್ದು 14 ಪಂದ್ಯ. ಕೆಳಹೊಟ್ಟೆಯ ಸ್ನಾಯು ಸೊಂಟದ ಮೂಳೆಯಿಂದ ಕಿತ್ತುಬಂದು ಆ ಅಧ್ಯಾಯ ಮುಗಿಯಿತು. ಅಟ್ಲಾಂಟಾದಲ್ಲೇ ಡಬ್ಲ್ಯುಸಿಡಬ್ಲ್ಯು ಎಂಬ ಕುಸ್ತಿ ಕಂಪನಿಯ ತರಬೇತಿ ಶಾಲೆ ಇತ್ತು, ಹೆಸರು ಪವರ್ ಪ್ಲಾಂಟ್. ಅಲ್ಲಿ ಸೇರಿದ.

ಈ ದಾರಿ ಅವನು ಮಾಡಿದ್ದಲ್ಲ. 1930ರ ದಶಕದಲ್ಲೇ ಷಿಕಾಗೊ ಬೇರ್ಸ್ ತಂಡದ ಬ್ರಾಂಕೊ ನಾಗುರ್‌ಸ್ಕಿ ಎರಡೂ ಕಡೆ ದುಡಿಯುತ್ತಿದ್ದ. ಫ್ಲಾರಿಡಾ ಸ್ಟೇಟ್‌ನ ರಾನ್ ಸಿಮನ್ಸ್ 1992ರಲ್ಲಿ ಡಬ್ಲ್ಯುಸಿಡಬ್ಲ್ಯು ವಿಶ್ವ ಪಟ್ಟ ಗೆದ್ದ. ಕೆನಡಾದ ಫುಟ್‌ಬಾಲ್ ತಂಡ ಬೇಡವೆಂದು ಕಳಿಸಿದ ಹುಡುಗ ಡ್ವೇನ್ ಜಾನ್ಸನ್ 'ರಾಕ್' ಎಂಬ ಕುಸ್ತಿ ತಾರೆಯಾದದ್ದು ನಿಮಗೂ ಗೊತ್ತು.

ಫುಟ್‌ಬಾಲಿನವನು ಕುಸ್ತಿಗೆ ಬಂದರೆ ಮೊದಲು ಮರೆಯಬೇಕಾದದ್ದು ನಿಜವಾಗಿ ಹೊಡೆಯುವುದನ್ನು. ಗೋಲ್ಡ್‌ಬರ್ಗ್‌ನ ಹೆಸರಾಂತ ಏಟು ಸ್ಪಿಯರ್ ಅಂದರೆ ಅದೇ ಹಳೆಯ ಫುಟ್‌ಬಾಲ್ ಡಿಕ್ಕಿ. ಓಡಿಬಂದು, ಬಾಗಿ, ಭುಜವನ್ನು ಎದುರಾಳಿಯ ಹೊಟ್ಟೆಗೆ ಕೊಡುವುದು. (ತನ್ನ ಹೊಟ್ಟೆ ಹರಿದು ಆಟ ಬಿಟ್ಟವನು ಬೇರೆಯವರ ಹೊಟ್ಟೆಗೆ ಗುರಿಯಿಟ್ಟು ಅನ್ನ ಕಂಡುಕೊಂಡ.) ಎಲ್ಲರೂ ಓಡಿಬರುವವನನ್ನೇ ನೋಡುತ್ತಾರೆ. ನೀವು ನಿಂತಿರುವವನನ್ನು ನೋಡಿ. ಭುಜ ತಾಕುವ ಹೊತ್ತಿಗೆ ಅವನ ಕಾಲು ನೆಲ ಬಿಟ್ಟಿರುತ್ತದೆ, ಗದ್ದ ಎದೆಗೆ ಅಂಟಿರುತ್ತದೆ. ಬೆನ್ನಿಡೀ ಒಂದೇ ಸಲಕ್ಕೆ ನೆಲಕ್ಕೆ ತಾಕಿ ಏಟು ಹಂಚಿಹೋಗುವಂತೆ ಬೀಳುತ್ತಾನೆ. ಕೆಳಗಿರುವುದು ಉಕ್ಕಿನ ತೊಲೆ, ಪ್ಲೈವುಡ್, ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸು. ಫಲಿತಾಂಶ ಸುಳ್ಳು, ನೆಲ ಸುಳ್ಳಲ್ಲ. ಹೀಗೆ ಬಿದ್ದು ಬಿದ್ದು ಎದುರಿನವನ ಏಟಿಗೆ ಬೆಲೆ ತಂದುಕೊಡುವುದನ್ನು ಆ ಲೋಕದವರು 'ಸೆಲ್ಲಿಂಗ್' ಅನ್ನುತ್ತಾರೆ.

ಹಾಗೆಂದು ಅವನ ಪ್ರವೇಶವನ್ನು ತಪ್ಪಿಸಿಕೊಳ್ಳಬೇಡಿ. ಕಾವಲುಗಾರರ ನಡುವೆ ಡ್ರೆಸ್ಸಿಂಗ್ ರೂಮಿನಿಂದ ನಡೆದುಬರುತ್ತಾನೆ, ಬಾಗಿಲಲ್ಲಿ ಕಿಡಿಗಳ ಮಳೆಯ ನಡುವೆ ನಿಂತು ಮೂಗುಬಾಯಿಂದ ಹೊಗೆ ಬಿಡುತ್ತಾನೆ. ದೀವಟಿಗೆಗೆ ರಾಳ ಎರಚಿ ಜನರ ಮಧ್ಯದಿಂದ ಬಣ್ಣದ ವೇಷ ಬರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಎಷ್ಟೋ ಪಂದ್ಯಗಳಲ್ಲಿ ಈ ನಡಿಗೆಗಿಂತ ಕುಸ್ತಿಯೇ ಚಿಕ್ಕದು.

ಟೀವಿಯಲ್ಲಿ ಮೊದಲು ಕಂಡದ್ದು 1997ರ ಸೆಪ್ಟೆಂಬರ್ 22ರಂದು. ಅಲ್ಲಿಂದ ಸೋಲೇ ಇಲ್ಲ. ಕಂಪನಿ ಕೊಟ್ಟ ಲೆಕ್ಕ 173 ಗೆಲುವು. ಕೂತು ಎಣಿಸಿದವರಿಗೆ ಅಷ್ಟು ಸಿಗಲಿಲ್ಲ. ನಮ್ಮ ದಸರಾದಲ್ಲಿ ಜೋಡಿ ಕಟ್ಟುವವರಿದ್ದಂತೆ ಅಲ್ಲಿಯೂ ಇದ್ದಾರೆ, ಅವರು ಫಲಿತಾಂಶವನ್ನೂ ಕಟ್ಟುತ್ತಾರೆ. ಪಟ್ಟು ಕಡಿಮೆ ಗೊತ್ತಿರುವವನನ್ನು ಎರಡು ನಿಮಿಷದಲ್ಲಿ ಗೆಲ್ಲಿಸಿದರೆ ಕೊರತೆ ಕಾಣುವುದಿಲ್ಲ, ಕಂಡರೂ ಭಯಂಕರವಾಗಿಯೇ ಕಾಣುತ್ತದೆ.

ಆ ಕಟ್ಟಡಕ್ಕೆ ಕಳಶವಿಟ್ಟದ್ದು 1998ರ ಜುಲೈ 6. ಊರು ಅಟ್ಲಾಂಟಾ, ಜಾಗ ಜಾರ್ಜಿಯಾ ಡೋಮ್. ಆಗ ಫಾಲ್ಕನ್ಸ್ ತಂಡದ ಅಂಗಳವೇ ಅದಾಗಿತ್ತು. ಮೂರು ಋತುಗಳಲ್ಲಿ ಯಾರೂ ಹೆಸರು ಕೂಗದ ಆಟಗಾರನಿಗೆ ಅಂದು 40 ಸಾವಿರದಷ್ಟು ಜನ ಒಂದೇ ದನಿಯಲ್ಲಿ ಹೆಸರು ಕೂಗಿದರು. ಎದುರಿಗೆ ಆ ಲೋಕದ ದೊಡ್ಡ ಹೆಸರು ಹಲ್ಕ್ ಹೋಗನ್. ಒಂದು ಸ್ಪಿಯರ್, ಆಮೇಲೆ ಜ್ಯಾಕ್‌ಹ್ಯಾಮರ್. ಅಂದರೆ ಎದುರಾಳಿಯನ್ನು ತಲೆಕೆಳಗಾಗಿ ನೆಟ್ಟಗೆ ಎತ್ತಿ ಹಿಡಿದು, ಹಾಗೇ ತಿರುಗಿಸಿ ಕೆಡವಿ ತಾನೂ ಅವನ ಮೇಲೆಯೇ ಬೀಳುವುದು. ದುಡ್ಡು ಕೊಟ್ಟು ನೋಡುವ ವಿಶೇಷ ಕಾರ್ಯಕ್ರಮಕ್ಕೆ ಇಟ್ಟುಕೊಳ್ಳಬಹುದಾಗಿದ್ದ ಪಂದ್ಯವನ್ನು ವಾರದ ಮಾಮೂಲಿ ಟೀವಿಯಲ್ಲೇ ಕೊಟ್ಟರೆಂದು ವ್ಯವಹಾರ ಬಲ್ಲವರು ಇನ್ನೂ ಹಣೆ ಚಚ್ಚಿಕೊಳ್ಳುತ್ತಾರೆ. ಆ ಡೋಮ್‌ನಲ್ಲಿ ಎದ್ದ ಸದ್ದು ಕೇಳಿದಾಗ ನನಗೆ ವ್ಯವಹಾರ ನೆನಪಾಗುವುದಿಲ್ಲ.

ಆದರೂ ಒಂದೇ ಒಂದು ಪಂದ್ಯ ನೋಡಲು ಪುರುಸೊತ್ತಿದ್ದರೆ ಅದನ್ನು ಬಿಟ್ಟು ಅದೇ ವರ್ಷ ಅಕ್ಟೋಬರ್ 25ರದನ್ನು ನೋಡಿ: ಹ್ಯಾಲೋವೀನ್ ಹ್ಯಾವಕ್, ಎದುರಾಳಿ ಡೈಮಂಡ್ ಡಲ್ಲಾಸ್ ಪೇಜ್. ಪೇಜ್ ಮೂವತ್ತು ದಾಟಿದ ಮೇಲೆ ಕುಸ್ತಿ ಕಲಿತವನು, ಪಂದ್ಯದ ಪ್ರತಿ ಹೆಜ್ಜೆಯನ್ನೂ ಮೊದಲೇ ಕೂತು ಯೋಚಿಸಿಡುವವನೆಂದು ಹೆಸರಾದವನು. ಗೋಲ್ಡ್‌ಬರ್ಗ್ ಓಡಿಬರುತ್ತಾನೆ, ಪೇಜ್ ಸರಿಯುತ್ತಾನೆ, ಭುಜ ಹೋಗಿ ಮೂಲೆಯ ಕಂಬಕ್ಕೆ ಬಡಿಯುತ್ತದೆ. ಅಷ್ಟು ದಿನ ಗೆಲ್ಲಿಸಿದ ಭುಜವೇ ಈಗ ತಗ್ಗಿದೆ. ಪೇಜ್‌ನನ್ನು ಎತ್ತಲು ಹೋಗುತ್ತಾನೆ, ತೋಳು ಮಾತು ಕೇಳುವುದಿಲ್ಲ. ಪೇಜ್ ಕೊರಳಿಗೆ ತೋಳು ಹಾಕಿ ತನ್ನ ಡೈಮಂಡ್ ಕಟರ್ ಹೊಡೆದೇ ಬಿಡುತ್ತಾನೆ. ಆದರೆ ತಾನೂ ಸುಸ್ತಾಗಿ ಮಲಗಿದ್ದಾನೆ. ಎದುರಾಳಿಯ ಎದೆಯ ಮೇಲೆ ಕೈ ಹಾಕಲು ತೆವಳಬೇಕು. ಆ ತೆವಳಾಟವನ್ನು ನಿಧಾನವಾಗಿ ನೋಡಿ, ಜನ ಎದ್ದು ನಿಲ್ಲುವುದು ಅಲ್ಲಿ. ಕೊನೆಗೆ ಗೆಲ್ಲುವುದು ಗೋಲ್ಡ್‌ಬರ್ಗೇ. ಹತ್ತೇ ನಿಮಿಷ. ಕಾರ್ಯಕ್ರಮ ಹೊತ್ತು ಮೀರಿ, ದುಡ್ಡು ಕೊಟ್ಟ ಎಷ್ಟೋ ಮನೆಗಳಲ್ಲಿ ಪಂದ್ಯದ ಹೊತ್ತಿಗೆ ಪರದೆ ಕಪ್ಪಾಗಿತ್ತು. ಮರುದಿನ ಕಂಪನಿ ಪುಕ್ಕಟೆ ತೋರಿಸಬೇಕಾಯಿತು.

ಆ ಡಿಸೆಂಬರ್ 27ರಂದು, ಅವನ ಹುಟ್ಟುಹಬ್ಬದ ದಿನವೇ, ಕೆವಿನ್ ನ್ಯಾಶ್ ಕೈಯಲ್ಲಿ ಮೊದಲ ಸೋಲು. ವಿದ್ಯುತ್ ಶಾಕ್ ಕೊಡುವ ಕೋಲಿನ ಕುತಂತ್ರ. ನನಗಂತೂ ಆ ಕಥೆ ಸೇರಲಿಲ್ಲ.

ಇನ್ನೊಂದನ್ನು ನೋಡದಿದ್ದರೂ ತಿಳಿದಿರಬೇಕು. 1999ರ ಡಿಸೆಂಬರ್ 19ರಂದು ಎದುರಿಗಿದ್ದದ್ದು ಬ್ರೆಟ್ ಹಾರ್ಟ್, ಎದುರಾಳಿಗೆ ಪೆಟ್ಟಾಗದಂತೆ ಕುಸ್ತಿ ಮಾಡುವುದೇ ತನ್ನ ಹೆಮ್ಮೆ ಎಂದು ಹೇಳಿಕೊಂಡಿದ್ದವನು. ಗೋಲ್ಡ್‌ಬರ್ಗ್‌ನ ಒದೆತ ಅವನ ತಲೆಗೆ ನಿಜವಾಗಿಯೇ ಬಿತ್ತು. ಮಿದುಳಿಗೆ ಆದ ಪೆಟ್ಟಿನಿಂದ ಹಾರ್ಟ್ ಮರುವರ್ಷ ನಿವೃತ್ತನಾದ. ಗೋಲ್ಡ್‌ಬರ್ಗ್ ಆಮೇಲೆ ಪಶ್ಚಾತ್ತಾಪ ಹೇಳಿಕೊಂಡಿದ್ದಾನೆ. ಆ ಪಂದ್ಯದ ಕೆಲವೇ ದಿನಕ್ಕೆ, ಟೀವಿ ಕಥೆಯ ನಡುವೆ, ಅವನೇ ಕಾರಿನ ಗಾಜನ್ನು ಗುದ್ದಿ ತೋಳು ಸೀಳಿಕೊಂಡ. ಹೊಡೆತವನ್ನು ಹುಸಿಯಾಗಿಸುವ ವಿದ್ಯೆ ಅವನಿಗೆ ಪೂರ್ತಿ ಒಲಿಯಲೇ ಇಲ್ಲ.

ಮುಂದಿನದು ಬೇಗ ಹೇಳಬಹುದು. 2003ರಲ್ಲಿ ಡಬ್ಲ್ಯುಡಬ್ಲ್ಯುಇ ಎಂಬ ಇನ್ನೊಂದು ಕುಸ್ತಿ ಕಂಪನಿ ಸೇರಿ ಒಂದು ವರ್ಷ, ಆಮೇಲೆ ದೀರ್ಘ ವಿರಾಮ. 2016ರ ನವೆಂಬರ್ 20ರಂದು 49ನೆಯ ವಯಸ್ಸಿನಲ್ಲಿ ಮರಳಿ ಬಂದು ಬ್ರಾಕ್ ಲೆಸ್ನರ್‌ನನ್ನು 1 ನಿಮಿಷ 26 ಸೆಕೆಂಡಿನಲ್ಲಿ ಕೆಡವಿದ. ಇದು ಗೋಲ್ಡ್‌ಬರ್ಗ್‌ನ ದೊಡ್ಡ ರಾತ್ರಿ ಎನ್ನುತ್ತಾರೆ. ನಾನು ನೋಡುವುದು ಲೆಸ್ನರ್‌ನ ಮುಖ: ಮೊದಲ ತಳ್ಳಿಗೇ ಹಿಂದಕ್ಕೆ ಬಿದ್ದು ಎದ್ದವನ ಕಣ್ಣಲ್ಲಿ ಬರುವ ಅನುಮಾನ. 2025ರ ಜುಲೈ 12ರಂದು, 58ರಲ್ಲಿ, ಅದೇ ಅಟ್ಲಾಂಟಾದಲ್ಲಿ ಗುಂಥರ್‌ಗೆ ಸೋತು ಮುಗಿಸಿದ.

ಮೊನ್ನೆ ಊರಿಗೆ ಹೋದಾಗ ಪೇಜ್ ಪಂದ್ಯವನ್ನು ಮೊಬೈಲಿನಲ್ಲಿ ದೊಡ್ಡಪ್ಪನಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು, ಮಾತಾಡದೆ ಕೊನೆಯವರೆಗೂ ನೋಡಿದರು.

'ಆ ಬೋಳುತಲೆಯವನು ಇರಲಿ. ಬಿದ್ದನಲ್ಲ, ಇನ್ನೊಬ್ಬ, ಅವನ ಉಸ್ತಾದ್ ಯಾರೋ?'

'ಅವನೂ ಪವರ್ ಪ್ಲಾಂಟಿನಲ್ಲೇ ಕಲಿತದ್ದು ದೊಡ್ಡಪ್ಪ. ಇಬ್ಬರದೂ ಒಂದೇ ಗರಡಿ.'

'ಇರಲಾರದು' ಎಂದರು. 'ಇನ್ನೊಂದ್ಸಲ ಹಾಕು.'