ಗಾರೆ ಮತ್ತು ಗ್ರಂಥ

ಹಳೆಯ ಮನೆಗಳ ಜೀರ್ಣೋದ್ಧಾರಕ್ಕೇ ಮೀಸಲಾದ ಪತ್ರಿಕೆಗಳಲ್ಲಿ ‘ಓಲ್ಡ್-ಹೌಸ್ ಜರ್ನಲ್’ ಹೆಸರಾಂತದ್ದು. 1973ರಲ್ಲಿ ಕ್ಲೆಮ್ ಲಬೀನ್ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಆರಂಭಿಸಿದ ಆ ಪುಟ್ಟ ವಾರ್ತಾಪತ್ರ, ಮನೆಯ ಅಂದವನ್ನು ಹೊಗಳುವುದಕ್ಕಿಂತ ದುರಸ್ತಿಯ ವಿಧಾನವನ್ನು ಮನೆಯೊಡೆಯನಿಗೆ ತಿಳಿಸುವುದನ್ನೇ ಮುಖ್ಯವೆಂದು ಎಣಿಸಿತ್ತು. ಗೋವೆಯಲ್ಲಿ ಇದಕ್ಕೆ ಸಮೀಪದ್ದೆಂದರೆ ‘ಪರ್ಮಳ್’. ಹೇತಾ ಪಂಡಿತ್ ಮತ್ತು ಆನಾಬೆಲ್ ಮಸ್ಕರೇನಸ್ ಬರೆದ ‘ಹೌಸಸ್ ಆಫ್ ಗೋವಾ’ ಗ್ರಂಥ 1999ರಲ್ಲಿ ಹೊರಬಂದ ಮರುವರ್ಷ ಹುಟ್ಟಿದ ಗೋವಾ ಹೆರಿಟೇಜ್ ಆಕ್ಷನ್ ಗ್ರೂಪ್ ಹೊರತಂದ ಈ ವಾರ್ಷಿಕ ಪತ್ರಿಕೆ, ಮನೆಗಳ ಜೊತೆಗೆ ಆ ನಾಡಿನ ಒಟ್ಟು ಪರಂಪರೆಯನ್ನೂ ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು.

ಇಂಥ ಪತ್ರಿಕೆಯ ನಿಜವಾದ ಬೆಲೆ ಗಾರೆಯ ವಿಷಯದಲ್ಲಿ ತಿಳಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಗೋವೆಯಲ್ಲಿ ಹಳೆಯ ಗೋಡೆಗಳು ಮುರಕಲ್ಲಿನವು, ಅಂದರೆ ನೀರನ್ನು ಹೀರಿಕೊಳ್ಳುವ ರಂಧ್ರಮಯ ಕೆಂಪು ಜಂಬಿಟ್ಟಿಗೆಯವು. ಅವಕ್ಕೆ ಬಳಿದಿದ್ದ ಸುಣ್ಣದ ಗಾರೆಯೂ ರಂಧ್ರಮಯವಾದ್ದರಿಂದ ಮಳೆಗಾಲದಲ್ಲಿ ಒಳಹೊಕ್ಕ ತೇವ ಬಿಸಿಲು ಬಂದಾಗ ಹೊರಗೆ ಹೋಗುತ್ತಿತ್ತು. ಅದರ ಮೇಲೆ ಸಿಮೆಂಟ್ ಬಳಿದರೆ ಆ ದಾರಿ ಮುಚ್ಚಿ, ತೇವ ಒಳಗೇ ಉಳಿದು, ಉಪ್ಪು ಹರಳುಗಟ್ಟಿ, ಕಲ್ಲೇ ಪುಡಿಯಾಗತೊಡಗುತ್ತದೆ. ಮನೆಯನ್ನು ಉಳಿಸಲೆಂದು ಮಾಡಿದ ಖರ್ಚೇ ಅದನ್ನು ಕೆಡಿಸುವ ಈ ದುರಂತಕ್ಕೆ ಒಳ್ಳೆಯ ಛಾಯಾಚಿತ್ರಗಳು ಮದ್ದಲ್ಲ. ಸುಣ್ಣವನ್ನು ಎಷ್ಟು ಕಾಲ ನೆನೆಸಬೇಕು, ಮರಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬ ಮೇಸ್ತ್ರಿಯ ತಿಳಿವಳಿಕೆ ಅಚ್ಚಿಗೆ ಬರಬೇಕು. ಗಾಜಿನ ಬದಲು ತೆಳುವಾದ ಚಿಪ್ಪುಗಳನ್ನು ಮರದ ಪಟ್ಟಿಗಳ ನಡುವೆ ಕೂರಿಸಿದ ಕಿಟಕಿಗಳು ಮತ್ತು ಎದುರುಬದುರು ಕಲ್ಲಾಸನಗಳಿರುವ ‘ಬಾಲ್ಕಾಂವ್’ ಎಂಬ ಮುಂಜಗಲಿಗಳ ವಿಷಯದಲ್ಲೂ ಕುಶಲಕರ್ಮಿಯ ಮಾತೇ ಪ್ರಮಾಣ.

ಆದರೆ ಚಾಂದೋರ್, ಲೊಟಲಿಗಳಂಥ ಊರುಗಳಲ್ಲಿ ಬೀಗ ಬಿದ್ದ ಮನೆಗಳನ್ನು ನೋಡಿದರೆ ಗಾರೆಯ ಪಾಠವೊಂದೇ ಸಾಲದೆಂದು ಕಾಣುತ್ತದೆ. 1867ರ ಪೋರ್ಚುಗೀಸ್ ಸಿವಿಲ್ ಸಂಹಿತೆಯಿಂದ ಬಂದ ಉತ್ತರಾಧಿಕಾರ ಪದ್ಧತಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ಮಕ್ಕಳಿಗೂ ಪಾಲು ಕೊಡುತ್ತದೆ. ನ್ಯಾಯವಾದ ಈ ಪದ್ಧತಿಯಿಂದಲೇ, ಕೆಲವು ತಲೆಮಾರುಗಳಾಗುವಷ್ಟರಲ್ಲಿ ಒಂದು ಮನೆಗೆ ಮುಂಬೈ, ಲಿಸ್ಬನ್‌ಗಳಲ್ಲಿ ಚದುರಿದ ಹತ್ತಾರು ಒಡೆಯರಾಗಿ, ಸೋರುವ ಹೆಂಚನ್ನು ಬದಲಿಸುವ ಖರ್ಚು ಯಾರ ಪಾಲಿಗೂ ಬರದೆ ಉಳಿಯುತ್ತದೆ. ಆದ್ದರಿಂದ ಗೋವೆಯ ಮನೆಗಳಿಗಾಗಿ ಹೊರಡುವ ಪತ್ರಿಕೆಯಲ್ಲಿ ಮೇಸ್ತ್ರಿಯ ಪಕ್ಕದ ಪುಟವನ್ನು, ಪಾಲುದಾರರ ನಡುವೆ ದುರಸ್ತಿಯ ಒಪ್ಪಂದವನ್ನು ಹೇಗೆ ಬರೆಯಬೇಕೆಂದು ತಿಳಿಸುವ ವಕೀಲನಿಗೆ ಕೊಡುವುದು ಅಗತ್ಯ.