ಬೇನೆ ಹಿಡಿಯುವ ಕಿವಿ

ಚುನಾವಣೆ ಬಂತೆಂದರೆ ಮುದ್ದೇಬಿಹಾಳದಂಥ ಊರುಗಳಲ್ಲೂ ಲೈಸೆನ್ಸಿನ ಬಂದೂಕುಗಳು ಪೊಲೀಸ್ ಠಾಣೆ ಸೇರುತ್ತವೆ. ಅವುಗಳ ನಡುವೆ ಅಜ್ಜನ ಕಾಲದ, ಬರ್ಮಿಂಗ್‌ಹ್ಯಾಮ್‌ನ ವೆಬ್ಲಿ ರಿವಾಲ್ವರ್ ಇದ್ದರೆ, ಅದು ದುರಸ್ತಿಗೆ ಬಂದಾಗ ಬೇನೆ ಹಿಡಿಯುವ ದುರಸ್ತಿಗಾರನ ಕೈ ನೋಡಬೇಕು. (1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ದುರಸ್ತಿಗೂ ಪರವಾನಗಿ ಬೇಕು, ಯಾರ್‍ಯಾರೋ ಬಿಚ್ಚುವಂತಿಲ್ಲ.) ಕೊಕ್ಕೆ ಬಿಡಿಸಿ, ನಳಿಗೆ ಕೆಳಗೆ ಮಡಚಿ, ಗುಂಡಿನ ಆರೂ ಮನೆ ಖಾಲಿಯೇ ಎಂದು ಕಣ್ಣಲ್ಲೂ ಬೆರಳಲ್ಲೂ ನೋಡುತ್ತಾನೆ. ಆಮೇಲೆ ಸುತ್ತಿಗೆಯನ್ನು ನಿಧಾನಕ್ಕೆ ಎಳೆಯುತ್ತ ಕಿವಿಗೊಡುತ್ತಾನೆ. ಅದು ಪೂರ್ತಿ ಹಿಂದೆ ಬರುವಷ್ಟರಲ್ಲಿ ಸಿಲಿಂಡರಿನ ಮನೆ ನಳಿಗೆಗೆ ನೇರ ಬಂದು ನಿಲ್ಲಬೇಕು. ತಡವಾದರೆ ಸಿಲಿಂಡರನ್ನು ತಳ್ಳಿ ತಿರುಗಿಸುವ ಸನ್ನೆಯ ತುದಿ ಸವೆದಿರಬಹುದು, ಇಲ್ಲವೇ ಸಿಲಿಂಡರಿನ ಹಲ್ಲುಗಳು. ನೇರ ತಪ್ಪಿದರೆ ಸೀಸದ ಚೂರು ಬದಿಗೆ ಸಿಡಿಯುತ್ತದೆ. ಬಿಗಿತ ಕಂಡ ತಕ್ಷಣ ಅರ ಹಿಡಿಯುವವನನ್ನು ನಾನು ನಂಬುವುದಿಲ್ಲ. ಎಷ್ಟೋ ಸಲ ರೋಗ ಒಣಗಿ ಅಂಟಾದ ಎಣ್ಣೆಯದು. ನಳಿಗೆಯನ್ನು ಹಿಡಿದಿಡುವ ಮೇಲಿನ ಕೊಕ್ಕೆಯೇ ಸಡಿಲವಾಗಿದ್ದರೆ ಮಾತ್ರ, ಇನ್ನು ಹಾರಿಸಬೇಡಿ ಎಂದು ವಾಪಸು ಕೊಡುತ್ತಾನೆ.