ದೂರದ ತರಗತಿಯ ಶಿಷ್ಟಾಚಾರ ಪತ್ರಿಕೆಗಳು: ಒಂದು ವಿಮರ್ಶೆ

೧

ಆನ್‌ಲೈನ್ ತರಗತಿಗೆ ಸೇರಿದ ವಿದ್ಯಾರ್ಥಿಯ ಕೈಗೆ ಪಾಠಕ್ರಮದೊಡನೆ ಇನ್ನೊಂದು ಪುಟವೂ ಸಾಮಾನ್ಯವಾಗಿ ಬರುತ್ತದೆ. 'ಸಂವಹನ ನಿಯಮಗಳು' ಎಂದೋ 'ನೆಟಿಕೆಟ್' ಎಂದೋ ಅದಕ್ಕೆ ತಲೆಬರಹ. ಜಾಲವೆಂಬರ್ಥದ 'ನೆಟ್', ಶಿಷ್ಟಾಚಾರವೆಂಬರ್ಥದ 'ಎಟಿಕೆಟ್' ಎಂಬೆರಡು ಇಂಗ್ಲಿಷ್ ಶಬ್ದಗಳನ್ನು ಬೆಸೆದು ಮಾಡಿದ ಮಾತು ಇದು. ಅಧ್ಯಾಪಕರಿಗೆ ಹೇಗೆ ಬರೆಯಬೇಕು, ಯಾವಾಗ ಮಾತನಾಡಬೇಕು, ಯಾವಾಗ ಸುಮ್ಮನಿರಬೇಕು, ಮುಖವನ್ನು ತೆರೆಯ ಮೇಲೆ ತೋರಿಸಬೇಕೆ ಬೇಡವೆ, ಇವೇ ಮೊದಲಾದ ಸಂಗತಿಗಳನ್ನು ಆ ಪುಟ ವಿಧಿಸುತ್ತದೆ.

ಇಂತಹ ಪುಟವನ್ನು ಆಡಳಿತದ ಕಾಗದವೆಂದೆಣಿಸಿ ವಿದ್ವಾಂಸರು ವಿಮರ್ಶೆಗೆ ಎತ್ತಿಕೊಳ್ಳುವುದಿಲ್ಲ. ಆದರೆ ಚರಿತ್ರೆಯ ಅಭ್ಯಾಸಿಗೆ ಶಾಸನವೂ ಕಡತವೂ ಹೇಗೆ ಆಧಾರಗಳೋ ಹಾಗೆಯೇ ಇದೂ ಒಂದು ಆಧಾರ. ಇದನ್ನು ಯಾರು ಬರೆದರು, ಯಾರನ್ನು ಕುರಿತು ಬರೆದರು, ಯಾವ ಕಾರಣದಿಂದ ಬರೆದರು, ಮೂಲದಿಂದ ಪ್ರತಿಗೆ ಬರುವಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು ಎಂಬ ಪ್ರಶ್ನೆಗಳನ್ನು ಇದಕ್ಕೂ ಹಾಕಬಹುದು. ಹಾಗೆ ಹಾಕಿನೋಡುವುದೇ ಪ್ರಕೃತ ಲೇಖನದ ಉದ್ದೇಶ.

೨

ಬರವಣಿಗೆಯ ವ್ಯವಹಾರ ಹೆಚ್ಚಿದಾಗಲೆಲ್ಲ ಅದರ ಬೆನ್ನಿಗೆ ಮರ್ಯಾದೆಯ ಕೈಪಿಡಿಗಳು ಹುಟ್ಟುವುದು ಹೊಸ ಸಂಗತಿಯಲ್ಲ. ಹನ್ನೊಂದನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕ್ಯಾಸಿನೋ ಮಠದ ಆಲ್ಬೆರಿಕ್ ಎಂಬ ಸನ್ಯಾಸಿಯಿಂದ ಮೊದಲುಗೊಂಡು ಯೂರೋಪಿನಲ್ಲಿ ಪತ್ರಲೇಖನವು ಒಂದು ಶಾಸ್ತ್ರವಾಗಿಯೇ ಬೆಳೆಯಿತು. ತನಗಿಂತ ಮೇಲಿನವರಿಗೆ, ಸಮಾನರಿಗೆ, ಕೆಳಗಿನವರಿಗೆ ಪ್ರತ್ಯೇಕ ಸಂಬೋಧನೆಗಳನ್ನು ಆ ಶಾಸ್ತ್ರ ಗೊತ್ತುಮಾಡಿತು. ಗುಜರಾತಿನ 'ಲೇಖಪದ್ಧತಿ' ಎಂಬ ಸಂಸ್ಕೃತ ಸಂಗ್ರಹದಲ್ಲಿ ವ್ಯವಹಾರಪತ್ರಗಳೊಡನೆ ಖಾಸಗಿ ಕಾಗದಗಳ ಮಾದರಿಗಳೂ ಸೇರಿವೆ. ನಮ್ಮ ಮನೆಗಳಲ್ಲಿಯೂ ಮಗನು ತಂದೆಗೆ ಬರೆಯುವಾಗ 'ತೀರ್ಥರೂಪು' ಎಂದೂ ತಂದೆ ಮಗನಿಗೆ ಬರೆಯುವಾಗ 'ಚಿರಂಜೀವಿ' ಎಂದೂ ಮೊದಲಿಡುವ ಪದ್ಧತಿ ಬಹುಕಾಲ ನಡೆದುಬಂದಿತು.

ಇವುಗಳಲ್ಲಿ ಮೇಲುಕೀಳಿನ ಭಾವನೆ ಇತ್ತೆಂಬುದು ನಿಜ. ಆದರೂ ಒಂದು ಅಂಶವನ್ನು ಮರೆಯಲಾಗದು. ಕಿರಿಯನು ಹಿರಿಯನಿಗೆ ಹೇಗೆ ಬರೆಯಬೇಕೆಂಬುದಕ್ಕೆ ವಿಧಿಯಿದ್ದಂತೆಯೇ ಹಿರಿಯನು ಕಿರಿಯನಿಗೆ ಹೇಗೆ ಬರೆಯಬೇಕೆಂಬುದಕ್ಕೂ ವಿಧಿಯಿತ್ತು. ಶಿಷ್ಟಾಚಾರವೆಂಬುದು ಎರಡು ಕೈಗಳ ವ್ಯವಹಾರವಾಗಿತ್ತು.

೩

ಇನ್ನು ನೆಟಿಕೆಟ್ಟಿನ ಮೂಲಕ್ಕೆ ಬರೋಣ. ಅದರ ಹುಟ್ಟಿಗೂ ವಿದ್ಯಾರ್ಥಿಗಳಿಗೂ ಹತ್ತಿರದ ನಂಟುಂಟು. ೧೯೮೦ರ ಸುಮಾರಿನಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯಗಳ ನಡುವೆ ಬಳಕೆಗೆ ಬಂದ ಯೂಸ್‌ನೆಟ್ ಎಂಬ ಸಂದೇಶಜಾಲಕ್ಕೆ ಪ್ರತಿ ಸೆಪ್ಟೆಂಬರಿನಲ್ಲಿ, ಅಲ್ಲಿನ ಕಾಲೇಜುಗಳು ತೆರೆಯುವ ವೇಳೆಗೆ, ಹೊಸ ವಿದ್ಯಾರ್ಥಿಗಳ ಒಂದು ತಂಡ ಬಂದು ಸೇರುತ್ತಿತ್ತು. ಅವರು ಕೆಲವು ವಾರ ಎಡವಿ, ಹಳಬರಿಂದ ತಿದ್ದಿಸಿಕೊಂಡು, ಅಲ್ಲಿನ ನಡೆನುಡಿ ಕಲಿಯುತ್ತಿದ್ದರು. ೧೯೯೩ರಿಂದೀಚೆಗೆ ವ್ಯಾಪಾರಿ ಸಂಸ್ಥೆಗಳ ಗ್ರಾಹಕರು ವರ್ಷವಿಡೀ ಬಂದು ಸೇರತೊಡಗಿದರು. ಹೊಸಬರ ಪ್ರವಾಹ ನಿಲ್ಲದಾದುದರಿಂದ ಹಳಬರು ಇದನ್ನು 'ಮುಗಿಯದ ಸೆಪ್ಟೆಂಬರ್' ಎಂದು ಕರೆದರು. ಬಾಯಿಮಾತಿನಿಂದ ಕಲಿಸುವುದು ಸಾಧ್ಯವಾಗದೆ ಹೋದಾಗ ನಿಯಮಗಳನ್ನು ಬರೆದಿಡುವ ಅವಶ್ಯಕತೆ ಹೆಚ್ಚಾಯಿತು.

ಹೀಗೆ ಬಂದವುಗಳಲ್ಲಿ ಎರಡು ಮುಖ್ಯವಾದುವು. ಒಂದು, ೧೯೯೪ರಲ್ಲಿ ವರ್ಜೀನಿಯಾ ಶೇ ಎಂಬ ಲೇಖಕಿ ಪ್ರಕಟಿಸಿದ 'ನೆಟಿಕೆಟ್' ಎಂಬ ಪುಸ್ತಕ. ಅದರಲ್ಲಿ ಹತ್ತು ಮೂಲನಿಯಮಗಳಿವೆ. ಇನ್ನೊಂದು, ೧೯೯೫ರ ಅಕ್ಟೋಬರಿನಲ್ಲಿ ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ ಅವರ ಹೆಸರಿನಲ್ಲಿ ಹೊರಬಂದ, ಆರ್‌ಎಫ್‌ಸಿ ೧೮೫೫ ಎಂಬ ಸಂಖ್ಯೆಯ ಮಾರ್ಗದರ್ಶಿ. ಇದನ್ನು ಸಿದ್ಧಪಡಿಸಿದುದು ಅಂತರಜಾಲದ ತಾಂತ್ರಿಕ ವಿಧಿಗಳನ್ನು ರೂಪಿಸುವ ತಜ್ಞರ ಒಂದು ಉಪಸಮಿತಿ. ಜಾಲದೊಡನೆಯೇ ಬೆಳೆದ ಹಳಬರಿಗೆ ತಿಳಿದಿದ್ದುದನ್ನು ಹೊಸಬರಿಗೆ ತಿಳಿಸುವುದು ತನ್ನ ಉದ್ದೇಶವೆಂದು ಅದು ಆರಂಭದಲ್ಲಿಯೇ ಹೇಳಿಕೊಂಡಿದೆ.

ಈ ಮಾರ್ಗದರ್ಶಿಯನ್ನು ಓದುವವರಿಗೆ ಮೊದಲು ಕಾಣುವ ಗುಣವೆಂದರೆ, ಅದರ ಬಹುಪಾಲು ನಿಯಮಗಳ ಹಿಂದೆ ಒಂದು ಕಾರಣ ಇರುವುದು. ೫೦ ಕಿಲೋಬೈಟಿಗಿಂತ ದೊಡ್ಡ ಕಡತವನ್ನು ಕಳುಹಿಸದಿರುವುದು ಲೇಸು ಎಂದು ಅದು ಹೇಳುತ್ತದೆ. ಸಂದೇಶ ತೀರ ದೊಡ್ಡದಾದರೆ ತಲಪದೆ ಹೋಗಬಹುದು, ತಲಪಿದರೂ ಜಾಲಕ್ಕೆ ಹೊರೆಯಾಗಬಹುದು ಎಂಬುದು ಕಾರಣ. ಒಂದು ಸಾಲಿನಲ್ಲಿ ೬೫ಕ್ಕಿಂತ ಕಡಮೆ ಅಕ್ಷರಗಳಿರಲಿ ಎನ್ನುತ್ತದೆ. ಆ ಕಾಲದ ತೆರೆಗಳಲ್ಲಿ ಸಾಲಿಗೆ ಸಾಮಾನ್ಯವಾಗಿ ೮೦ ಅಕ್ಷರಗಳಷ್ಟೇ ಹಿಡಿಯುತ್ತಿದ್ದುವು. ಉತ್ತರ ತಡವಾದರೆ ಕೋಪಿಸಿಕೊಳ್ಳಬಾರದು, ಏಕೆಂದರೆ ಓದಬೇಕಾದವರು ಭೂಮಿಯ ಇನ್ನೊಂದು ಭಾಗದಲ್ಲಿ ನಿದ್ರಿಸುತ್ತಿರಬಹುದು. ಕೋಪದ ಉತ್ತರವನ್ನು ಒಂದು ರಾತ್ರಿ ಕಳೆದಮೇಲೆ ಕಳುಹಿಸುವುದು ಮೇಲು. ಓದುವವರ ಭಾಷೆ, ಸಂಸ್ಕೃತಿ, ಹಾಸ್ಯದ ರೀತಿ ಬೇರೆಯಾಗಿರಬಹುದಾದ್ದರಿಂದ ವ್ಯಂಗ್ಯವನ್ನು ಎಚ್ಚರದಿಂದ ಬಳಸಬೇಕು. ಕಳುಹಿಸುವಲ್ಲಿ ಬಿಗಿಯಾಗಿಯೂ ಸ್ವೀಕರಿಸುವಲ್ಲಿ ಉದಾರವಾಗಿಯೂ ಇರಬೇಕೆಂಬುದು ಇವೆಲ್ಲಕ್ಕೂ ಅಡಿಗಲ್ಲು.

ಶೇ ಅವರ ಹತ್ತು ನಿಯಮಗಳಲ್ಲಿ ಕಡೆಯ ಎರಡು ನಮ್ಮ ವಿಷಯಕ್ಕೆ ಬಹು ಮುಖ್ಯ. ಅಧಿಕಾರವಿರುವವರು ಅದನ್ನು ದುರುಪಯೋಗ ಮಾಡಬಾರದೆಂಬುದು ಒಂಬತ್ತನೆಯದು. ಇತರರ ತಪ್ಪುಗಳನ್ನು ಕ್ಷಮಿಸಬೇಕೆಂಬುದು ಹತ್ತನೆಯದು. ಬಲ್ಲವನನ್ನು ಕಟ್ಟುವ ನಿಯಮಗಳು ಇವು. ಬರಿಯ ಹೊಸಬನನ್ನು ಕಟ್ಟುವುವಲ್ಲ.

೪

ಈ ಮೂಲಗಳನ್ನು ಎದುರಿಗಿಟ್ಟುಕೊಂಡು ತರಗತಿಯ ಪತ್ರಿಕೆಗಳನ್ನು ಓದಿದರೆ ಮೂರು ವ್ಯತ್ಯಾಸಗಳು ಕಾಣುತ್ತವೆ.

ಮೊದಲನೆಯದು, ಕಾರಣಗಳು ಬಿದ್ದುಹೋಗಿವೆ, ವಿಧಿಗಳು ಮಾತ್ರ ಉಳಿದಿವೆ. ಇದಕ್ಕೆ ಒಳ್ಳೆಯ ನಿದರ್ಶನವೆಂದರೆ ದೊಡ್ಡಕ್ಷರದ ನಿಯಮ. ಇಂಗ್ಲಿಷಿನಲ್ಲಿ ಇಡೀ ವಾಕ್ಯವನ್ನು ದೊಡ್ಡಕ್ಷರಗಳಲ್ಲಿ ಬರೆದರೆ ಕೂಗಿದಂತೆ ತೋರುತ್ತದೆಂಬ ಕಾರಣದಿಂದ ೧೯೯೫ರ ಮಾರ್ಗದರ್ಶಿ ಅದನ್ನು ಬೇಡವೆಂದಿತು. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರವೆಂಬ ಭೇದವೇ ಇಲ್ಲ. ಆದ್ದರಿಂದ ಕನ್ನಡದಲ್ಲಿ ಬರೆಯುವ ವಿದ್ಯಾರ್ಥಿಗೆ ಈ ನಿಯಮದಿಂದ ಆಗಬೇಕಾದುದು ಏನೂ ಇಲ್ಲ. ಕಾರಣವನ್ನು ಹಿಡಿದಿದ್ದರೆ, ಕನ್ನಡದ ಬರಹದಲ್ಲಿ 'ಕೂಗು' ಯಾವ ರೂಪದಲ್ಲಿ ಬರುತ್ತದೆಂದು ವಿಚಾರಿಸಬಹುದಾಗಿತ್ತು. ವಿಧಿಯನ್ನು ಹಿಡಿದುದರಿಂದ ಆ ವಿಚಾರ ಹುಟ್ಟಲೇ ಇಲ್ಲ.

ಎರಡನೆಯದು, ಒಂದು ಕೈ ಬಿಟ್ಟುಹೋಗಿದೆ. ಹೊಸಬನ ಕರ್ತವ್ಯಗಳೆಲ್ಲ ಪ್ರತಿಗೆ ಬಂದಿವೆ. ಬಲ್ಲವನ ಕ್ಷಮೆ, ಅಧಿಕಾರದ ಮಿತಿ, ಸ್ವೀಕರಿಸುವವನ ಔದಾರ್ಯ ಇವು ಬಂದಿಲ್ಲ. ವಿದ್ಯಾರ್ಥಿಯು ಇಷ್ಟು ಗಂಟೆಯೊಳಗೆ ಉತ್ತರಿಸಬೇಕೆಂದು ಹೇಳುವ ಪತ್ರಿಕೆ, ಅವನ ಪ್ರಶ್ನೆಗೆ ಎಷ್ಟು ದಿನದೊಳಗೆ ಉತ್ತರ ಬರುವುದೆಂದು ಹೇಳದಿದ್ದರೆ ಅದು ಶಿಷ್ಟಾಚಾರದ ಪತ್ರಿಕೆಯಲ್ಲ, ಶಿಸ್ತಿನ ಪತ್ರಿಕೆ. ಅದರ ಭಾಷೆಯೂ ಇದಕ್ಕೆ ಸಾಕ್ಷಿ. 'ವಿದ್ಯಾರ್ಥಿಗಳು ತಪ್ಪದೆ ಪಾಲಿಸತಕ್ಕದ್ದು', 'ತಪ್ಪಿದಲ್ಲಿ ಕ್ರಮ ಕೈಗೊಳ್ಳಲಾಗುವುದು' ಎಂಬ ಕಚೇರಿಯ ಧಾಟಿಯಲ್ಲಿ ಸೌಜನ್ಯವನ್ನು ಬೋಧಿಸುವುದು ವಿಚಿತ್ರವಾದ ಸಂಗತಿ. ಸೌಜನ್ಯದ ಮೊದಲ ಮಾದರಿಯಾಗಬೇಕಾದ ಬರಹವೇ ಸೌಜನ್ಯವನ್ನು ಮರೆತಿದೆ.

ಮೂರನೆಯದು ಭಾಷೆಗೆ ಸಂಬಂಧಪಟ್ಟುದು. ಕನ್ನಡದಲ್ಲಿ ಗೌರವವು ಕ್ರಿಯಾಪದದ ಒಳಗೇ ಇದೆ. 'ಕಳುಹಿಸು' ಎಂಬುದಕ್ಕೂ 'ಕಳುಹಿಸಿ' ಎಂಬುದಕ್ಕೂ ಇರುವ ಅಂತರವನ್ನು ಮಗುವೂ ಬಲ್ಲುದು. 'ದಯವಿಟ್ಟು' ಎಂಬ ಮಾತು ನಮ್ಮಲ್ಲಿ ಉಂಟಾದರೂ ಮನೆಯ ಮಾತಿನಲ್ಲಿ ಅದರ ಬಳಕೆ ಅಪರೂಪ. ಅದು ಹೆಚ್ಚಾಗಿ ಅರ್ಜಿಗಳಿಗೂ ಸೂಚನಾಫಲಕಗಳಿಗೂ ಸೇರಿದ್ದು. 'ಸರ್, ನೋಟ್ಸ್ ಕಳಿಸಿ' ಎಂದ ವಿದ್ಯಾರ್ಥಿ ಕನ್ನಡದ ಮರ್ಯಾದೆಯಲ್ಲಿ ಏನೂ ಕಡಮೆ ಮಾಡಿಲ್ಲ. ಅದೇ ವಿದ್ಯಾರ್ಥಿ ಅದೇ ಭಾವದಿಂದ ಇಂಗ್ಲಿಷಿನಲ್ಲಿ 'ಸರ್, ಸೆಂಡ್ ನೋಟ್ಸ್' ಎಂದು ಬರೆದರೆ ಅದು ಅಪ್ಪಣೆ ಮಾಡಿದಂತಾಗುತ್ತದೆ. ಬಹುವಚನದ ಗೌರವ ಭಾಷಾಂತರದಲ್ಲಿ ಸೋರಿಹೋಯಿತು. ಇದನ್ನು ಉದ್ಧಟತನವೆಂದು ಓದುವ ಅಧ್ಯಾಪಕರು ವ್ಯಾಕರಣದ ದೋಷವನ್ನು ನಡತೆಯ ದೋಷವೆಂದು ಭ್ರಮಿಸಿದಂತೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ವಿದ್ಯಾರ್ಥಿಯೇ ಈ ಭ್ರಮೆಗೆ ಹೆಚ್ಚಾಗಿ ಗುರಿಯಾಗುತ್ತಾನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

೫

ಇಲ್ಲಿ ದೂರಶಿಕ್ಷಣದ ಪೂರ್ವಚರಿತ್ರೆಯನ್ನು ನೆನೆಯುವುದು ಉಪಯುಕ್ತ. ಇಂಗ್ಲೆಂಡಿನಲ್ಲಿ ೧೮೪೦ರಲ್ಲಿ ಒಂದು ಪೆನ್ನಿಯ ಅಂಚೆ ಆರಂಭವಾದಾಗ ಐಸಾಕ್ ಪಿಟ್ಮನ್ ತನ್ನ ಶೀಘ್ರಲಿಪಿಯನ್ನು ಅಂಚೆಯ ಮೂಲಕ ಕಲಿಸತೊಡಗಿದನು. ನಮ್ಮ ದೇಶದಲ್ಲಿ ದೆಹಲಿ ವಿಶ್ವವಿದ್ಯಾನಿಲಯವು ೧೯೬೨ರಲ್ಲಿಯೂ ಮೈಸೂರು ವಿಶ್ವವಿದ್ಯಾನಿಲಯವು ೧೯೬೯ರಲ್ಲಿಯೂ ಅಂಚೆ ಶಿಕ್ಷಣವನ್ನು ಕೈಗೊಂಡುವು. ಮೈಸೂರಿನ ಅಂಚೆ ತೆರಪಿನ ಶಿಕ್ಷಣವೇ ಬೆಳೆದು ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು.

ಅಂಚೆಯ ಶಿಕ್ಷಣದಲ್ಲಿ ಒಂದು ಅನುಕೂಲವಿತ್ತು. ಪಾಠ ತಡವಾಗಿ ಬಂದರೆ, ಉತ್ತರ ತಡವಾಗಿ ತಲಪಿದರೆ, ತಪ್ಪನ್ನು ಅಂಚೆಯ ಮೇಲೆ ಹೊರಿಸಬಹುದಾಗಿತ್ತು. ಗುರುವೂ ಶಿಷ್ಯನೂ ಪರಸ್ಪರ ಸಂಶಯಪಡಬೇಕಾಗಿರಲಿಲ್ಲ. ಈಗ ಸಂದೇಶವು ಕ್ಷಣಮಾತ್ರದಲ್ಲಿ ತಲಪುವುದರಿಂದ ವಿಳಂಬಕ್ಕೆ ಹೊಣೆಯಾಗಬಲ್ಲ ಮೂರನೆಯವರು ಇಲ್ಲವಾಗಿದ್ದಾರೆ. ಉತ್ತರ ಬಾರದಿದ್ದರೆ ಶಿಷ್ಯನು ಗುರುವನ್ನು ಉದಾಸೀನನೆಂದೂ, ಗುರುವು ಶಿಷ್ಯನನ್ನು ಸೋಮಾರಿಯೆಂದೂ ತಿಳಿಯುತ್ತಾರೆ. ಮೌನವು ಹಿಂದೆ ದೂರದ ಲಕ್ಷಣವಾಗಿತ್ತು, ಈಗ ಸ್ವಭಾವದ ಲಕ್ಷಣವೆನಿಸಿದೆ. ಆನ್‌ಲೈನ್ ಶಿಕ್ಷಣದ ಶಿಷ್ಟಾಚಾರ ಬಿಡಿಸಬೇಕಾದ ಗಂಟು ಇದೇ ಎಂದು ನಮ್ಮ ಅಭಿಪ್ರಾಯ.

ವಸ್ತುತಃ ಆ ಮೂರನೆಯ ಕಾರಣ ಎಲ್ಲಿಯೂ ಹೋಗಿಲ್ಲ, ಕಣ್ಣಿಗೆ ಕಾಣದಾಗಿದೆ, ಅಷ್ಟೆ. ಕೇಂದ್ರಸರ್ಕಾರದ ೭೫ನೆಯ ಸುತ್ತಿನ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ, ೨೦೧೭-೧೮ರಲ್ಲಿ ಗ್ರಾಮಾಂತರದ ಮನೆಗಳಲ್ಲಿ ಶೇಕಡ ೧೪.೯ಕ್ಕೆ ಮಾತ್ರ ಅಂತರಜಾಲದ ಸೌಕರ್ಯವಿದ್ದಿತು, ನಗರಗಳಲ್ಲಿ ಶೇಕಡ ೪೨ಕ್ಕೆ. ಗಣಕಯಂತ್ರವಿದ್ದ ಮನೆಗಳು ಗ್ರಾಮಾಂತರದಲ್ಲಿ ಶೇಕಡ ೪.೪, ನಗರಗಳಲ್ಲಿ ಶೇಕಡ ೨೩.೪. ಇದಾದ ಎರಡೇ ವರ್ಷಗಳಲ್ಲಿ, ೨೦೨೦ರ ಮಾರ್ಚಿಯಲ್ಲಿ, ಕೋವಿಡ್ ಸಾಂಕ್ರಾಮಿಕದಿಂದಾಗಿ ತರಗತಿಗಳೆಲ್ಲ ತೆರೆಯ ಮೇಲಕ್ಕೆ ಹೋದುವು. ಆ ಬಳಿಕ ಸೌಕರ್ಯ ಹೆಚ್ಚಿದೆ. ಆದರೂ ಮನೆಗೆ ಒಂದೇ ಮೊಬೈಲು, ಅದನ್ನು ತಂದೆ ಕೆಲಸಕ್ಕೆ ಒಯ್ದರೆ ಮಗಳಿಗೆ ಸಂಜೆಯವರೆಗೆ ತರಗತಿಯಿಲ್ಲ ಎಂಬಂತಹ ಮನೆಗಳನ್ನು ಲೆಕ್ಕಕ್ಕೆ ತಾರದ ನಿಯಮ ನ್ಯಾಯವಾದುದಲ್ಲ.

ಕ್ಯಾಮೆರಾ ತೆರೆದಿಡಬೇಕೆಂಬ ವಿಧಿಯನ್ನು ಈ ಬೆಳಕಿನಲ್ಲಿ ನೋಡಬೇಕು. ಅಧ್ಯಾಪಕರ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಕಪ್ಪು ಚೌಕಗಳ ಸಾಲಿಗೆ ಒಂದು ಗಂಟೆ ಪಾಠ ಹೇಳುವವನಿಗೆ, ಮಾತು ಯಾರಿಗಾದರೂ ಮುಟ್ಟಿತೆ ಎಂಬುದು ತಿಳಿಯದು. ಆದರೆ ಕ್ಯಾಮೆರಾ ತೋರಿಸುವುದು ಮುಖವನ್ನಷ್ಟೇ ಅಲ್ಲ. ಒಂದೇ ಕೋಣೆಯ ಮನೆಯನ್ನೂ ಹಾಸಿಗೆ ಹಿಡಿದ ಅಜ್ಜಿಯನ್ನೂ ಗೋಡೆಯ ಬಿರುಕನ್ನೂ ಅದು ತೋರಿಸುತ್ತದೆ. ಕಾಲೇಜಿನ ಕೊಠಡಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತವರ ಮನೆಗಳು ಕಾಣುತ್ತಿರಲಿಲ್ಲ. ಆ ಸಮಾನತೆಯನ್ನು ತೆರೆ ಕಿತ್ತುಕೊಂಡಿತು. ಇತರರ ಖಾಸಗಿತನವನ್ನು ಗೌರವಿಸಬೇಕೆಂಬುದು ಶೇ ಅವರ ಎಂಟನೆಯ ನಿಯಮವೆಂಬುದನ್ನು ಇಲ್ಲಿ ಜ್ಞಾಪಿಸಬಹುದು.

೬

ಹಾಗಾದರೆ ನಿಯಮಗಳೇ ಬೇಡವೆ ಎಂದು ಆಕ್ಷೇಪಿಸಬಹುದು. ಬೇಕೇ ಬೇಕು. ಎದುರಿನ ಮುಖ ಕಾಣದಾಗ ನಾಲಗೆಗೆ ಕಡಿವಾಣ ಸಡಿಲುವುದು ಸಹಜ. ನಡುರಾತ್ರಿ ಅಧ್ಯಾಪಕರಿಗೆ ಕರೆಮಾಡುವ, ಸಹಪಾಠಿಯ ಚಿತ್ರವನ್ನು ಅವಳ ಒಪ್ಪಿಗೆಯಿಲ್ಲದೆ ಹಂಚುವ, ಪಾಠದ ನಡುವೆ ಹೆಸರು ಮರೆಮಾಡಿಕೊಂಡು ಅಣಕಿಸುವ ನಡತೆಯನ್ನು ಯಾರೂ ಸಮರ್ಥಿಸಲಾರರು. ನಿಯಮವಿಲ್ಲದ ಕಡೆ ಬಲಶಾಲಿಯದೇ ನಿಯಮವಾಗುವುದರಿಂದ, ನಿಯಮವು ದುರ್ಬಲನ ರಕ್ಷಣೆಗೂ ಅಗತ್ಯ. ನಮ್ಮ ವಾದವಿಷ್ಟೆ: ನಿಯಮಕ್ಕೆ ಕಾರಣವಿರಬೇಕು, ಎರಡು ಕೈಗಳಿರಬೇಕು, ನಮ್ಮ ಭಾಷೆಯ ಹದವಿರಬೇಕು.

ಇದನ್ನು ಕಾರ್ಯಕ್ಕೆ ತರುವುದು ಕಷ್ಟವೇನಲ್ಲ. ಪ್ರಶ್ನೆಗೆ ಎಷ್ಟು ದಿನದೊಳಗೆ ಉತ್ತರ ಕೊಡಲಾಗುವುದು, ಯಾವ ವೇಳೆಯಲ್ಲಿ ಅಧ್ಯಾಪಕರು ದೊರೆಯುವುದಿಲ್ಲ ಎಂಬುದನ್ನು ಪತ್ರಿಕೆಯ ಮೊದಲಲ್ಲಿಯೇ ಬರೆಯಬಹುದು. ವಿದ್ಯಾರ್ಥಿ ಮೌನವಾಗಿದ್ದರೆ ಶಿಕ್ಷೆಗೆ ಮುಂಚೆ ಒಂದು ವಿಚಾರಣೆಯ ಮಾತು ಹೋಗಬೇಕೆಂದು ಗೊತ್ತುಮಾಡಬಹುದು. ಕ್ಯಾಮೆರಾದ ಬದಲು ಬರಹದಲ್ಲಿಯೋ ಧ್ವನಿಯಲ್ಲಿಯೋ ಹಾಜರಿ ತಿಳಿಸಲು ಅವಕಾಶ ಕೊಡಬಹುದು. ಕನ್ನಡದಲ್ಲಿ ಪ್ರಶ್ನೆ ಕೇಳುವುದು ಅಮರ್ಯಾದೆಯಲ್ಲವೆಂದು ಸ್ಪಷ್ಟವಾಗಿ ಹೇಳಬಹುದು. ಇಂಗ್ಲಿಷಿನಲ್ಲಿ ಬರೆಯುವವರಿಗೆ, ಕನ್ನಡದ ಬಹುವಚನದ ಗೌರವ ಆ ಭಾಷೆಯಲ್ಲಿ ಯಾವ ಮಾತಿನಿಂದ ಬರುತ್ತದೆಂದು ಎರಡು ಉದಾಹರಣೆ ಕೊಟ್ಟು ತೋರಿಸಬಹುದು.

ಈ ವಿಷಯವನ್ನು ಮುಂದೂಡುವಂತಿಲ್ಲ. ೨೦೧೭ರಲ್ಲಿ ಆರಂಭವಾದ 'ಸ್ವಯಂ' ಯೋಜನೆಯ ಪಾಠಗಳಿಗೆ ದೃಶ್ಯಪಾಠ, ಓದುವ ಸಾಮಗ್ರಿ, ಸ್ವಪರೀಕ್ಷೆ, ಸಂದೇಹನಿವಾರಣೆಯ ಚರ್ಚೆ ಎಂದು ನಾಲ್ಕು ಅಂಗಗಳನ್ನು ಗೊತ್ತುಮಾಡಿದೆ. ಒಂದು ಸೆಮಿಸ್ಟರಿನ ವಿಷಯಗಳಲ್ಲಿ ಶೇಕಡ ೪೦ರವರೆಗೆ ಇಂತಹ ಪಾಠಗಳಿಂದ ಪಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೧ರ ನಿಯಮಾವಳಿ ಅವಕಾಶ ಕೊಟ್ಟಿತು. ಮೊದಲ ಮೂರು ಅಂಗಗಳನ್ನು ಯಂತ್ರವೂ ಹಣವೂ ಸೇರಿ ಒದಗಿಸಬಲ್ಲುವು. ನಾಲ್ಕನೆಯದು ಮಾತ್ರ, ಕೇಳಲು ಅಂಜದ ವಿದ್ಯಾರ್ಥಿಯೂ ಉತ್ತರಿಸಲು ಬೇಸರಿಸದ ಅಧ್ಯಾಪಕನೂ ಇಲ್ಲದೆ ನಡೆಯದು. ಶಿಷ್ಟಾಚಾರದ ಪತ್ರಿಕೆ ವಿದ್ಯಾರ್ಥಿಯ ಬಾಯಿ ಕಟ್ಟಿದರೆ ಆ ನಾಲ್ಕನೆಯ ಅಂಗ ಹೆಸರಿಗೆ ಮಾತ್ರ ಉಳಿಯುತ್ತದೆ. ಪ್ರಶ್ನೆ ಕೇಳುವ ಧೈರ್ಯವನ್ನು ಹೆಚ್ಚಿಸಿತೆ, ಕುಗ್ಗಿಸಿತೆ ಎಂಬುದೊಂದೇ ಇಂತಹ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವ ಒರೆಗಲ್ಲು.